ಪುಟ್ಟಿಯ ಜೊತೆ ಯಾರಿರ್ತಾರೆ?

ಜಯನಗರದ ನಮ್ಮ ಟ್ರಾವೆಲ್ಸ್ ಆಫೀಸಿಗೆ ಆಫ್ರಿಕಾ ಕೇಳಿಕೊಂಡು ಬರುವವರೇ ಕಡಿಮೆ. ಬಂದರೂ ಕೂರುವ ಮೊದಲೇ ‘ಸಿಂಹ ಗ್ಯಾರಂಟಿನಾ?’ ಅನ್ನುತ್ತಾರೆ. ಸಿಂಹವನ್ನೇನು ನಾನು ಸಾಕಿದ್ದೇನೆಯೇ, ಗ್ಯಾರಂಟಿ ಕೊಡಲು? ಆ ಮಧ್ಯಾಹ್ನ ಬಂದ ಹೆಂಗಸು ಮಾತ್ರ ಊಟದ ಡಬ್ಬಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಸುತ್ತ ಒಮ್ಮೆ ನೋಡಿ, ಮೆಲ್ಲಗೆ ಕೇಳಿದರು.

“ಮೇಡಂ, ಡಿಸೆಂಬರ್‌ನಲ್ಲಿ ಹೋದ್ರೆ ಅಲ್ಲಿ ಸಗಣಿ ಹುಳ ಸಿಗತ್ತಾ?”

“ಏನು ಹುಳ?”

“ಸಗಣಿ ಹುಳ. ಲದ್ದೀನ ಉಂಡೆ ಮಾಡಿ ಹಿಂಗಾಲಲ್ಲಿ ಉರುಳಿಸ್ಕೊಂಡು ಹೋಗತ್ತಲ್ಲ, ಅದು. ಮಳೆ ಬಿದ್ಮೇಲೇ ಹೊರಗೆ ಬರೋದಂತೆ. ಅಲ್ಲಿ ಡಿಸೆಂಬರ್ ಅಂದ್ರೆ ಮಳೆಗಾಲ ಅಲ್ವಾ?”

ಒಳಗಿನ ಕ್ಯಾಬಿನ್ನಿನಲ್ಲಿ ನಮ್ಮ ಬಾಸ್ ನಕ್ಕಿದ್ದು ಕೇಳಿಸಿತು. ಇಷ್ಟು ದೂರ ಹೋಗಿ ಸಗಣಿ ನೋಡುವ ಗಿರಾಕಿ ಅವರಿಗೂ ಹೊಸದು. ಆಕೆ ನಗಲಿಲ್ಲ. ಬನಶಂಕರಿಯ ಒಂದು ಪಿಯು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್ ಅಂತೆ. ವರ್ಷವರ್ಷವೂ ಬೋರ್ಡಿನ ಮೇಲೆ ಆನೆ ಬರೆದು, ಲದ್ದಿ ಬರೆದು, ಹುಳ ಬರೆದು ಬಾಣದ ಗುರುತು ಹಾಕುತ್ತಾರೆ. “ಪಾಠ ಮಾಡಿ ಮಾಡಿ ಬಾಯಿಪಾಠ ಆಗಿದೆ. ಕಣ್ಣಲ್ಲಿ ಮಾತ್ರ ನೋಡಿಲ್ಲ. ಬನ್ನೇರುಘಟ್ಟ ಬಿಟ್ರೆ ನಾನು ಯಾವ ಕಾಡಿಗೂ ಹೋಗಿಲ್ಲ” ಅಂದರು. ಮನೆಯವರು ಎಂಟು ಜನ, ಅತ್ತೆಗೆ ಎಪ್ಪತ್ತು ತುಂಬುತ್ತದೆ, ಆ ನೆಪದಲ್ಲಿ ಎಲ್ಲರೂ ಎಲ್ಲಿಗಾದರೂ ಹೋಗುವ ಮಾತಿದೆ, ಮನೆಗೆ ಬಂದು ನೀವೇ ಒಂದು ಸಲ ವಿವರಿಸಬೇಕು ಎಂದು ಕೇಳಿಕೊಂಡರು. ಮನೆ ಶ್ರೀನಗರದಲ್ಲಿ. ನಾನಿರುವುದು ಉತ್ತರಹಳ್ಳಿಯಲ್ಲಿ, ಹೋಗುವ ದಾರಿಯೇ ಅಲ್ಲದಿದ್ದರೂ ಒಪ್ಪಿಕೊಂಡೆ. ಆ ಹುಳದ ಪ್ರಶ್ನೆ ನನಗೆ ಹಿಡಿಸಿತ್ತು.

ಮನೆಯಲ್ಲಿ ಆಕೆ ಚಿಕ್ಕ ಸೊಸೆ. ಇನ್ನು ಮುಂದೆ ನಾನೂ ಹಾಗೇ ಕರೆಯುತ್ತೇನೆ. ಹಾಲಿನ ನಡುವೆ ಬೆತ್ತದ ಕುರ್ಚಿಯಲ್ಲಿ ಅಜ್ಜಿ, ಒಂದು ಪಕ್ಕ ದೊಡ್ಡ ಮಗ, ಅವರ ಹೆಂಡತಿ, ಹೈಸ್ಕೂಲಿನ ಇಬ್ಬರು ಮಕ್ಕಳು. ಇನ್ನೊಂದು ಪಕ್ಕ ಚಿಕ್ಕ ಮಗ. ಅವರ ಮಗಳು ಪುಟ್ಟಿ ಅಜ್ಜಿಯ ಕುರ್ಚಿಯ ಕಾಲು ಹಿಡಿದು ನೆಲದ ಮೇಲೆ. ಚಿಕ್ಕ ಸೊಸೆ ಅಡಿಗೆಮನೆಯಲ್ಲಿ. ದೊಡ್ಡ ಮಗನಿಗೆ ದುಬೈ ಆಗಬೇಕು, ಚಿಕ್ಕ ಮಗನಿಗೆ ಸ್ವಿಟ್ಜರ್ಲೆಂಡ್. ಇಬ್ಬರೂ ಹೇಳುವಷ್ಟು ಹೇಳಿ ಮುಗಿಸಿದ ಮೇಲೆ ಅಜ್ಜಿ ನನ್ನ ಕಡೆ ತಿರುಗಿದರು.

“ನೋಡಮ್ಮ, ನನ್ನ ಮಂಡಿ ಎರಡೂ ಕೈಕೊಟ್ಟಿವೆ. ಮಾಲ್ ಸುತ್ತಕ್ಕಾಗಲ್ಲ, ಬೆಟ್ಟ ಹತ್ತಕ್ಕಾಗಲ್ಲ. ಕೂತಲ್ಲೇ ಕೂತು ಎಲ್ಲಾ ನೋಡೋ ಜಾಗ ಯಾವ್ದಿದೆ?”

“ಅಂಥದ್ದು ಜೀಪ್ ಸಫಾರಿನೇ ಅಜ್ಜಿ. ನೀವು ಕೂತಿರಿ, ಪ್ರಾಣಿ ಓಡಾಡ್ತವೆ.”

“ಹಾಗಾದ್ರೆ ನಮ್ಮ ಚಿಕ್ಕ ಸೊಸೆ ಹೇಳಿದ್ದೇ ಸರಿ. ಆಫ್ರಿಕಾಕ್ಕೇ ಹೋಗೋಣ.”

ಅಡಿಗೆಮನೆಯಲ್ಲಿ ಲೋಟಗಳ ಸದ್ದು ನಿಂತಿತು. ಕಾಫಿ ತಂದಾಗ ಚಿಕ್ಕ ಸೊಸೆಯ ಮುಖ ನೋಡಬೇಕಿತ್ತು, ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯ ಹಾಗಿತ್ತು.

ಕೆಲಸ ಶುರುವಾಯಿತು. ಮಗು ಮತ್ತು ವಯಸ್ಸಾದವರು ಇರುವುದರಿಂದ ಮಲೇರಿಯಾ ಇಲ್ಲದ ಪ್ರದೇಶ ಬೇಕು. ಜೋಹಾನ್ಸ್‌ಬರ್ಗ್‌ನಿಂದ ರಸ್ತೆಯಲ್ಲೇ ಹೋಗಬಹುದಾದ ಒಂದು ಖಾಸಗಿ ಅಭಯಾರಣ್ಯ ಹಿಡಿದೆ. ಅಲ್ಲಿಯ ಕ್ರಮ ಹೀಗೆ: ಬೆಳಗಿನ ಜಾವ ಒಂದು ಸಫಾರಿ, ಸಂಜೆ ಒಂದು. ಮೇಲ್ಛಾವಣಿ ಮಾತ್ರ ಇರುವ, ನಾಲ್ಕೂ ಕಡೆ ತೆರೆದ ಜೀಪು. ಮುಂದಿನದಕ್ಕಿಂತ ಹಿಂದಿನದು ಎತ್ತರವಾಗಿ ಮೂರು ಸಾಲು ಸೀಟು. ಅಜ್ಜಿ ಹತ್ತುವುದಕ್ಕೆ ಮರದ ಮೆಟ್ಟಿಲು ಇಡಬೇಕು ಎಂದು ಲಾಡ್ಜಿಗೆ ಬರೆದೆ. ಮೊಟ್ಟೆಯೂ ತಾಗದ ಅಡಿಗೆ ಬೇಕು ಎಂದೂ ಬರೆದೆ. ಮೀನು ಆಗುತ್ತದೆಯೇ ಎಂದು ಅಲ್ಲಿಯ ಅಡಿಗೆಯವರು ಕೇಳಿದರು. ಆಗುವುದಿಲ್ಲ, ಬೇಳೆ, ತರಕಾರಿ, ಮೊಸರು ಇದ್ದರೆ ನಮ್ಮವರು ಎಲ್ಲಿ ಬೇಕಾದರೂ ಬದುಕುತ್ತಾರೆ ಎಂದು ಉತ್ತರಿಸಿದೆ.

ಒಂದು ನಿಯಮವನ್ನು ಮೊದಲ ದಿನವೇ ಓದಿ ಹೇಳಿದ್ದೆ. ಆರು ವರ್ಷ ತುಂಬದ ಮಕ್ಕಳನ್ನು ತೆರೆದ ಜೀಪಿನಲ್ಲಿ ಕೂರಿಸುವುದಿಲ್ಲ. ಪುಟ್ಟಿಗೆ ಡಿಸೆಂಬರಿನಲ್ಲಿ ಆರು ತುಂಬುತ್ತದೆ, ಮೊದಲು ಕೇಪ್‌ಟೌನ್, ಕೊನೆಗೆ ಕಾಡು ಎಂದಿಟ್ಟುಕೊಂಡರೆ ತೊಂದರೆಯೇ ಇಲ್ಲ ಎಂದು ಲೆಕ್ಕ ಹಾಕಿದ್ದೆವು. ಆದರೆ ಅಲ್ಲಿ ಕ್ರಿಸ್‌ಮಸ್ ಅಂದರೆ ಬೇಸಿಗೆ ರಜೆ, ಇಡೀ ದೇಶವೇ ಕಾಡಿಗೆ ಹೊರಡುತ್ತದೆ. ನಮಗೆ ಬೇಕಾದ ದಿನಗಳಲ್ಲಿ ಒಂದು ಕೋಣೆಯೂ ಇರಲಿಲ್ಲ. ಹಬ್ಬಕ್ಕೆ ಮುಂಚೆ ಮೂರು ರಾತ್ರಿ ಖಾಲಿ ಇತ್ತು. ಕಾಡು ಮೊದಲು, ಕೇಪ್‌ಟೌನ್ ಆಮೇಲೆ ಎಂದು ಉಲ್ಟಾ ಮಾಡುವ ಮುಂಚೆ ಶ್ರೀನಗರಕ್ಕೆ ಫೋನ್ ಮಾಡಿದೆ. ಅಜ್ಜಿ ಎತ್ತಿದರು.

“ಅಜ್ಜಿ, ಪುಟ್ಟಿ ಹುಟ್ಟಿದಹಬ್ಬ ಹೊರಡೋ ಮುಂಚೆ ಬರತ್ತಾ, ಆಮೇಲಾ?”

“ಮುಂಚೇನೇ ಕಣಮ್ಮ. ಮನೇಲಿ ಆರತಿ ಮಾಡಿ, ಪಾಯಸ ಮಾಡ್ಕೊಂಡೇ ಹೊರಡೋದು.”

ಸರಿ, ಆರು ತುಂಬಿರುತ್ತದೆ ಎಂದು ಬುಕ್ ಮಾಡಿದೆ. ಪುಟ್ಟಿಗೆ ಆಗಿನ್ನೂ ಪಾಸ್‌ಪೋರ್ಟೇ ಆಗಿರಲಿಲ್ಲ.

ಪಾಸ್‌ಪೋರ್ಟ್ ಬಂದು, ಚಿಕ್ಕ ಮಗ ಅದರ ಫೋಟೋ ಕಳಿಸಿ, ನಾನು ವೀಸಾಕ್ಕೆಂದು ಹುಟ್ಟಿದ ತಾರೀಖನ್ನು ತುಂಬುವಾಗ ಕೈ ನಿಂತಿತು. ಇನ್ನೊಮ್ಮೆ ನೋಡಿದೆ. ಪುಟ್ಟಿಗೆ ಆರು ತುಂಬುವುದು ಹೊರಡುವ ಮುಂಚೆಯಲ್ಲ, ಕಾಡಿನಲ್ಲಿ ಅವರ ಕಡೆಯ ಬೆಳಿಗ್ಗೆ. ಆಫೀಸಿನ ಗೋಡೆಯ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಹಾಕಿಕೊಂಡೆ. ಮಾರ್ಗಶಿರ, ಬಹುಳ, ತಿಥಿ ಎಂದು ಬೆರಳಿಟ್ಟು ಎಣಿಸುತ್ತಾ ಹೋದಾಗ ಎಲ್ಲಾ ಬಯಲಾಯಿತು. ಅಜ್ಜಿ ಸುಳ್ಳು ಹೇಳಿರಲಿಲ್ಲ. ಆ ಮನೆಯಲ್ಲಿ ಹುಟ್ಟಿದಹಬ್ಬ ಮಾಡುವುದು ತಿಥಿಯ ಪ್ರಕಾರ. ಈ ವರ್ಷ ತಿಥಿ ತಾರೀಖಿಗಿಂತ ಸುಮಾರು ಒಂದು ವಾರ ಮೊದಲೇ ಬಂದಿತ್ತು. ನಮ್ಮ ಮನೆಯಲ್ಲೂ ಹಾಗೇ ಮಾಡುವುದು. ಅದಕ್ಕೇ ಇರಬೇಕು, ‘ಯಾವ ತಾರೀಖು ಅಜ್ಜಿ?’ ಎಂದು ಕೇಳುವುದು ನನಗೆ ಹೊಳೆಯಲೇ ಇಲ್ಲ. ಬೇರೆ ಊರಿನ ಏಜೆಂಟರಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು.

ಚಿಕ್ಕ ಸೊಸೆಗೆ ಫೋನ್ ಮಾಡಿದೆ. “ಅಯ್ಯೋ ದೇವ್ರೇ... ಮನೇಲಿ ಆರತಿ ಆದ ದಿನದಿಂದಾನೇ ಎಲ್ರೂ ಅವಳಿಗೆ ವಯಸ್ಸು ಏರಿಸ್ಬಿಡ್ತಾರೆ ಮೇಡಂ. ನನಗೂ ಅದೇ ಅಭ್ಯಾಸ ಆಗೋಗಿದೆ. ಪ್ಲ್ಯಾನ್ ಉಲ್ಟಾ ಆದಾಗ್ಲೂ ತಲೆಗೆ ಬರ್ಲಿಲ್ಲ” ಅಂದರು.

ಲಾಡ್ಜಿಗೆ ಬರೆದೆ, ಆಮೇಲೆ ಫೋನನ್ನೇ ಮಾಡಿದೆ. ಅಲ್ಲಿ ಬುಕಿಂಗ್ ನೋಡುವ ಹೆಂಗಸು ಬಲು ಮೃದು ಮಾತಿನವರು. ನಮ್ಮಲ್ಲಿ ಎರಡು ಲೆಕ್ಕ ಇವೆ, ಒಂದು ಚಂದ್ರನದು, ಒಂದು ಇಂಗ್ಲಿಷಿನದು, ಚಂದ್ರನ ಲೆಕ್ಕದಲ್ಲಿ ಮಗುವಿಗೆ ಆರು ತುಂಬಿರುತ್ತದೆ ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಚೆಂದದ ಪದ್ಧತಿ ಎಂದು ಹೊಗಳಿ, ಆಗುವುದಿಲ್ಲ ಎಂದರು. ಸಣ್ಣ ಮಕ್ಕಳು ತಟ್ಟನೆ ಎದ್ದು ನಿಲ್ಲುತ್ತಾರೆ, ಕಿರುಚುತ್ತಾರೆ, ಆ ಗಾತ್ರ, ಆ ದನಿ ಸಿಂಹಕ್ಕೆ ಬೇಟೆಯ ಹಾಗೆ ಕಾಣಿಸುತ್ತದೆ, ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು ಎಂದರು. “ಸಿಂಹಕ್ಕೆ ನಿಮ್ಮ ಕ್ಯಾಲೆಂಡರೂ ಗೊತ್ತಿಲ್ಲ, ನಮ್ಮ ಕ್ಯಾಲೆಂಡರೂ ಗೊತ್ತಿಲ್ಲ, ಗೆರೆ ಇರುವುದು ನಮಗೆ” ಎಂದರು. ಬೇರೆಯೇ ಜೀಪು ಬಾಡಿಗೆಗೆ ಹಿಡಿದರೂ ನಿಯಮ ಅದೇ. ಕಡೆಯ ಬೆಳಿಗ್ಗೆ ಮಾತ್ರ ಪುಟ್ಟಿ ಜೀಪು ಹತ್ತಬಹುದು, ಅದಕ್ಕೆ ಮುಂಚಿನ ಐದು ಸಫಾರಿಗಳ ಹೊತ್ತಿನಲ್ಲಿ ದೊಡ್ಡವರೊಬ್ಬರು ಅವಳ ಜೊತೆ ಲಾಡ್ಜಿನಲ್ಲಿ ಉಳಿಯಬೇಕು, ಯಾರೆಂದು ಮೊದಲೇ ಬರೆದುಕೊಡಬೇಕು ಎಂದರು.

ಚಿಕ್ಕ ಮಕ್ಕಳನ್ನು ಸೇರಿಸುವ ಬೇರೆ ಲಾಡ್ಜುಗಳನ್ನೆಲ್ಲ ಜಾಲಾಡಿದೆ. ಒಂದರಲ್ಲೂ ಜಾಗವಿಲ್ಲ. ಬೇಸಿಗೆಗೆ ಮುಂದೂಡೋಣವೆಂದರೆ ಚಿಕ್ಕ ಸೊಸೆಗೆ ಆಗ ಪರೀಕ್ಷೆ ಪೇಪರ್ ತಿದ್ದುವ ಡ್ಯೂಟಿ, ಅಜ್ಜಿಯ ಮಂಡಿಗೆ ಆಪರೇಷನ್. ಅತ್ತ ದರಿ, ಇತ್ತ ಪುಲಿ. ಬಾಸ್ ನನ್ನ ಕುರ್ಚಿಯ ಹಿಂದೆ ನಿಂತು ಸ್ಕ್ರೀನ್ ನೋಡಿದರು.

“ಬುಕಿಂಗಿನವರಿಗೆ ಗೊತ್ತಾದ್ರೇನು, ಫಾರ್ಮಲ್ಲಿ ಆರು ಅಂತ ಹಾಕಿ ಕಳ್ಸಿ ಮೇಡಂ. ಜೀಪ್ ಹತ್ತೋವಾಗ ಯಾರು ಪಾಸ್‌ಪೋರ್ಟ್ ಕೇಳ್ತಾರೆ?”

“ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಸಾರ್? ಇನ್ಶೂರೆನ್ಸೂ ಇಲ್ಲ, ಮುಖಾನೂ ಇರಲ್ಲ.”

“ಮೂರು ದಿನ ಕಮ್ಮಿ ಅಂತ ಸಿಂಹ ಬಂದು ಅದೇ ಮಗೂನೇ ಎತ್ಕೊಂಡ್ ಹೋಗತ್ತಾ? ನೀವು ಬಿಡಿ!”

ಚಿಕ್ಕ ಮಗನೂ ಫೋನಿನಲ್ಲಿ ಅದನ್ನೇ ಹೇಳಿದರು. “ನಮ್ ಲೆಕ್ಕದಲ್ಲಿ ಆರೇ ಅಲ್ವಾ ಮೇಡಂ, ಸುಳ್ಳೇನು ಬಂತು?” ಸುಳ್ಳಲ್ಲದ ಸುಳ್ಳು ಬಿಸಿ ತುಪ್ಪದ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ನಿಜ ಹೇಳುತ್ತೇನೆ, ಒಂದು ಸಲ ಆರು ಎಂದು ಟೈಪ್ ಮಾಡಿಯೂ ನೋಡಿದೆ. ಆದರೆ ಕುರ್ಚಿಯ ಕಾಲು ಹಿಡಿದು ಕೂತಿದ್ದ ಆ ಮಗುವಿನ ಗಾತ್ರ ಕಣ್ಣಿಗೆ ಬಂತು. ಐದು ಎಂದೇ ತಿದ್ದಿ, ಶ್ರೀನಗರಕ್ಕೆ ಹೋಗಿ ಎಲ್ಲರ ಎದುರಿಗೆ ಹೇಳಿದೆ.

ಅವತ್ತು ಹಾಲಿನಲ್ಲಿ ಮೊದಲು ನನ್ನನ್ನು ಬೈದರು, ಬೈಸಿಕೊಂಡೆ. ಲಾಡ್ಜಿನ ಆಯಾ ಕೈಗೆ ಮಗುವನ್ನು ಕೊಡೋಣವೇ ಎಂದು ಒಬ್ಬರು, ಗುರುತಿಲ್ಲದವರ ಕೈಗೆ ಪುಟ್ಟೀನ ಬಿಡುವ ಪ್ರಶ್ನೆಯೇ ಇಲ್ಲ ಎಂದು ಅಜ್ಜಿ. ಆಗ ದೊಡ್ಡ ಮಗ ಕಾಲ ಮೇಲೆ ಕಾಲು ಹಾಕಿ, ಇದೇನು ಮಹಾ ಎನ್ನುವ ಹಾಗೆ, “ಅದಕ್ಕ್ಯಾಕೆ ಇಷ್ಟು ತಲೆಬಿಸಿ? ಅವಳಮ್ಮ ಇರ್ತಾಳಲ್ಲ ರೂಮಲ್ಲಿ” ಅಂದರು. ಕೂತಿದ್ದವರೆಲ್ಲ ಹಗುರಾದರು. ಚಿಕ್ಕ ಮಗ “ಹೌದಲ್ವಾ” ಅಂದರು. ದೊಡ್ಡ ಸೊಸೆ ತಲೆಯಾಡಿಸಿದರು. ಅಜ್ಜಿ ಮಂಡಿ ತಿಕ್ಕಿಕೊಂಡರು. ಚಿಕ್ಕ ಸೊಸೆ ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡು ಒಳಗೆ ಹೋದರು. ಈ ಪ್ರವಾಸ ಯಾರಿಂದ ಶುರುವಾಯಿತು ಎನ್ನುವುದು ಅಲ್ಲಿದ್ದ ಒಬ್ಬರಿಗೂ ನೆನಪಿರಲಿಲ್ಲ.

ಚಪ್ಪಲಿ ಹಾಕಿಕೊಳ್ಳುವಾಗ ಆಕೆ ಗೇಟಿನ ತನಕ ಬಂದರು.

“ಬೇಜಾರ್ ಮಾಡ್ಕೋಬೇಡಿ ಮೇಡಂ. ನನಗೆ ಅಭ್ಯಾಸ ಇದೆ. ಮದುವೆ ಮನೇಲೂ ಮಲಗಿರೋ ಮಗು ಪಕ್ಕ ಕೂರೋಳು ನಾನೇ. ಒಂದೇ ಒಂದು ವಿಚಾರಿಸ್ತೀರಾ? ಲಾಡ್ಜ್ ಅಂಗಳಕ್ಕೆ ಆ ಹುಳ ಏನಾದ್ರೂ ಬರತ್ತಾ ಅಂತ?”

ನನಗೆ ಉರಿದುಹೋಯಿತು. ಬಸ್ಸಿನಲ್ಲಿ ಉತ್ತರಹಳ್ಳಿ ತಲುಪುವ ತನಕ ಮನಸ್ಸಿನಲ್ಲೇ ಆ ಹಾಲಿನಲ್ಲಿದ್ದ ಒಬ್ಬೊಬ್ಬರಿಗೂ ಉತ್ತರ ಕೊಡುತ್ತಿದ್ದೆ. ವಿಚಾರಿಸಬೇಕಂತೆ, ಅಂಗಳಕ್ಕೆ ಹುಳ ಬರುತ್ತದಾ ಅಂತ! ಮಾರನೆಯ ದಿನ ಲಾಡ್ಜಿನವರು ಕೇಳಿದ್ದ ಕಾಗದ ತೆಗೆದೆ. ಪ್ರತಿ ಸಫಾರಿಗೂ ಯಾರು ಎಲ್ಲಿ ಕೂರುತ್ತಾರೆ, ಮಗುವಿನ ಜೊತೆ ಯಾರಿರುತ್ತಾರೆ ಎಂದು ತುಂಬಬೇಕು. ಮೊದಲ ಸಂಜೆಗೆ ದೊಡ್ಡ ಮಗ. ಮರುದಿನ ಬೆಳಿಗ್ಗೆಗೆ ಚಿಕ್ಕ ಮಗ. ಸಂಜೆಗೆ ದೊಡ್ಡ ಸೊಸೆ. ಆಮೇಲಿನ ಬೆಳಿಗ್ಗೆಗೆ ಮತ್ತೆ ದೊಡ್ಡ ಮಗ. ಕೊನೆಯ ಸಂಜೆ ಒಂದಕ್ಕೆ ತಾಯಿ. ಅಜ್ಜಿಯ ಹೆಸರು ಎಲ್ಲೂ ಹಾಕಲಿಲ್ಲ, ಅವರ ಎಪ್ಪತ್ತರ ಪ್ರವಾಸವಲ್ಲವೇ. ‘ಕರಡು, ನೋಡಿ ತಿಳಿಸಿ’ ಎಂದು ಬರೆದು ಅವರ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಬಾಸನ್ನೂ ಕೇಳಲಿಲ್ಲ, ಆಕೆಯನ್ನೂ ಕೇಳಲಿಲ್ಲ.

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ. ಮೊದಲು ಚಿಕ್ಕ ಮಗನ ಫೋನು. “ಏನ್ ಮೇಡಂ ಇದು? ನೀವು ಟಿಕೆಟ್ ಮಾಡೋರು. ನಮ್ಮನೇಲಿ ಯಾರು ಮಗು ನೋಡ್ಕೋಬೇಕು ಅಂತ ಹೇಳಕ್ಕೆ ನೀವ್ಯಾರು?” ದೊಡ್ಡ ಮಗ ನನ್ನ ಹತ್ತಿರ ಮಾತೇ ಆಡಲಿಲ್ಲ, ನೇರವಾಗಿ ಬಾಸಿಗೆ ಹೇಳಿದರು, ಇನ್ನು ಆ ಹೆಂಗಸು ನಮ್ಮ ಫೈಲ್ ಮುಟ್ಟಿದರೆ ಕ್ಯಾನ್ಸಲ್ ಎಂದು. ಬಾಸ್ ನನ್ನನ್ನು ಕ್ಯಾಬಿನ್ನಿಗೆ ಕರೆದು, “ಗಿರಾಕಿ ಮನೇಲಿ ಮೂಗು ತೂರಿಸೋದು ನಮ್ ಪ್ಯಾಕೇಜಲ್ಲಿ ಇದೆಯಾ?” ಎಂದು ಕೇಳಿ, ಫೈಲನ್ನು ಪಕ್ಕದ ಟೇಬಲ್ಲಿನ ಸಹೋದ್ಯೋಗಿಗೆ ಕೊಟ್ಟರು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಚಿಕ್ಕ ಸೊಸೆಯ ಸಂದೇಶ. “ನನ್ನ ಪರವಾಗಿ ನೀವು ಮಾತಾಡಬಾರದಿತ್ತು. ಈಗ ನಾನೇ ಹೇಳಿಸಿದೆ ಅಂತಿದ್ದಾರೆ.” ಆಕೆ ಹೇಳಿದ್ದು ನಿಜ. ನನ್ನ ಸಿಟ್ಟಿನ ಬೆಂಕಿಯಲ್ಲಿ ಆಕೆಯ ಮನೆಯ ಒಲೆ ಉರಿಯುತ್ತಿತ್ತು.

ಮೂರನೆಯ ದಿನ ಆಫೀಸಿನ ಮುಂದೆ ಆಟೋ ನಿಂತಿತು. ಅಜ್ಜಿ, ಒಬ್ಬರೇ. ಆಟೋದವನ ಕೈ ಹಿಡಿದು ಇಳಿದು, ನಮ್ಮ ಎರಡು ಮೆಟ್ಟಿಲನ್ನು ಉಸ್ಸಪ್ಪಾ ಎಂದು ಹತ್ತಿ ಬಂದು ನನ್ನ ಎದುರು ಕೂತರು. ನೀರು ಕೊಟ್ಟೆ.

“ನಿನ್ನ ಪಟ್ಟಿ ತೆಗೆದುಹಾಕು” ಅಂದರು. “ಮನೇಲಿ ಮೂರು ದಿನದಿಂದ ಯಾರಿಗ್ಯಾರೂ ಮಾತಾಡ್ತಿಲ್ಲ. ಪುಟ್ಟಿ ಬಂದು ‘ನಾನ್ ಹೋಗಲ್ಲ ಬಿಡಿ’ ಅಂತಾಳೆ. ಅಷ್ಟು ಮಗು ಬಾಯಲ್ಲಿ ಬರೋ ಮಾತಾ ಅದು?”

“ತಪ್ಪಾಯ್ತು ಅಜ್ಜಿ. ಆದ್ರೆ ನಿಮ್ಮ ಸೊಸೆಗೆ...”

“ನನಗ್ ಹೇಳ್ಬೇಡ. ತಾಯಿ ಅಂದ್ಮೇಲೆ ಹಾಗೇನೇ. ನಾನು ಕೂತಿಲ್ವಾ? ಮನೆಯವರೆಲ್ಲಾ ಕಾಶಿಗೆ ಹೋಗಿದ್ವಿ. ಸಾಯಂಕಾಲ ಎಲ್ರೂ ದೋಣಿಲಿ ಹೊರಟ್ರು, ಗಂಗಾರತಿ ನೋಡಕ್ಕೆ. ಕೈಗೂಸು ಇದೆ, ನೀರು ಗಾಳಿ ಆಗಲ್ಲ ಅಂದ್ರು ನಮ್ಮತ್ತೆ. ನಾನು ಮೆಟ್ಟಿಲ ಮೇಲೆ ಮಗು ಎತ್ಕೊಂಡು ಕೂತೆ. ಮುಂದೆ ಜನಾನೋ ಜನ, ಬರೀ ಬೆನ್ನು ಕಾಣ್ಸೋದು. ಗಂಟೆ ಶಬ್ದ ಕೇಳ್ಸ್ತು ಅಷ್ಟೇ. ನಾನೇನು ಜಗಳ ಆಡಿದ್ನಾ?”

ಅವರು ಅದನ್ನು ದೃಷ್ಟಾಂತಕ್ಕೆ ಹೇಳಿದ್ದು, ದೂರುವುದಕ್ಕಲ್ಲ. ನನಗೆ ಮಾತ್ರ ಬಾಯಿ ಸುಮ್ಮನಿರಲಿಲ್ಲ.

“ಆಮೇಲೆ ಯಾವಾಗ ನೋಡಿದ್ರಿ ಅಜ್ಜಿ, ಆರತಿ?”

ಅಜ್ಜಿ ಲೋಟ ಎತ್ತಿ ಉಳಿದಿದ್ದ ನೀರು ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು. “ಇಲ್ಲ. ಆಮೇಲೆ ಹೋಗಕ್ಕೇ ಆಗ್ಲಿಲ್ಲ” ಅಂದರು. ಲೋಟ ಕೆಳಗಿಟ್ಟು, ಬೇರೆ ಯಾರಿಗೋ ಹೇಳುವ ಹಾಗೆ, “ಈ ದೊಡ್ಡವನೇ ಆಗ ಕೈಗೂಸು” ಅಂದರು. ನಾನು ಪಟ್ಟಿಯನ್ನು ಗುಂಪಿನಿಂದ ಅಳಿಸಿದೆ. ಅವರು ನೋಡುತ್ತಾ ಕೂತು, ಆದ ಮೇಲೆ ಎದ್ದು ಆಟೋ ಹತ್ತಿದರು. ಅಜ್ಜಿ ಬಂದು ಕೆಲಸ ಮುಗಿಸಿಕೊಂಡು ಹೋದರು, ಇನ್ನೇನೂ ಆಗುವುದಿಲ್ಲ ಎಂದುಕೊಂಡೆ.

ಲಾಡ್ಜಿನವರು ಹೆಸರುಗಳನ್ನು ಕೇಳಿದ್ದ ಗಡುವಿನ ದಿನ ಬೆಳಿಗ್ಗೆ ನನ್ನ ಮೊಬೈಲಿಗೆ ಕರೆ ಬಂತು.

“ಬರ್ಕೊಳ್ಳಮ್ಮ. ಇದು ನಾನು ಹೇಳ್ತಿರೋದು, ನಿನ್ನ ಪಟ್ಟಿ ಅಲ್ಲ. ಮೊದಲ್ನೇ ಸಂಜೆ ದೊಡ್ಡವನು ಇರ್ತಾನೆ. ಮಾರನೇ ದಿನ ಬೆಳಿಗ್ಗೆ ಚಿಕ್ಕವನು. ಸಂಜೆ ದೊಡ್ಡ ಸೊಸೆ. ಅದರ ಮಾರನೇ ದಿನ ಬೆಳಿಗ್ಗೆ ನಾನು. ಸಂಜೆ ಪುಟ್ಟಿ ತಾಯಿ. ಕಡೇ ದಿನ ಎಲ್ರೂ.”

“ಅಜ್ಜಿ, ನೀವ್ಯಾಕೆ? ನಿಮ್ಮದೇ ಎಪ್ಪತ್ತರ ಪ್ರವಾಸ...”

“ನನ್ನ ಹೆಸರು ಇಲ್ದಿದ್ರೆ ಅವರ್ಯಾರೂ ಕೂರಲ್ಲ. ಬರ್ಕೋ.”

ಬರೆದು, ಫೈಲು ಹಿಡಿದಿದ್ದ ಸಹೋದ್ಯೋಗಿಯ ಕೈಗೆ ಕೊಟ್ಟೆ. ಕಾಶಿಯ ಮಾತನ್ನು ಅಜ್ಜಿ ಮಕ್ಕಳಿಗೆ ಹೇಳಿದರೋ, ಬೈದೇ ಒಪ್ಪಿಸಿದರೋ ನನಗೆ ತಿಳಿಯಲಿಲ್ಲ. ಪುಟ್ಟಿಯ ತಿಥಿಯ ಹುಟ್ಟಿದಹಬ್ಬ ಆಯಿತು, ಅದರ ಫೋಟೋ ಗುಂಪಿನಲ್ಲಿ ಬಂತು, ಆರು ಎಂಬ ಅಂಕಿಯ ಮೇಣದಬತ್ತಿಯ ಜೊತೆ. ನೋಡಿ ನನಗೆ ನಗುವೂ ಬಂತು, ಸಂಕಟವೂ ಆಯಿತು.

ಅವರು ಕಾಡು ಸೇರಿದ ದಿನದಿಂದ ಫೋಟೋಗಳು ಬರತೊಡಗಿದವು. ನನ್ನನ್ನು ಗುಂಪಿನಿಂದ ತೆಗೆಯಲು ಮರೆತಿದ್ದರು. ಜಿರಾಫೆ, ಜೀಬ್ರಾ, ಜೀಪಿನ ಮುಂದಿನ ಸೀಟಿನಲ್ಲಿ ಟೋಪಿ ಹಾಕಿದ ಅಜ್ಜಿ. ನಾನು ಪ್ರಾಣಿಗಳನ್ನು ನೋಡಲೇ ಇಲ್ಲ, ಯಾರು ಇದ್ದಾರೆ, ಯಾರು ಇಲ್ಲ ಎಂದೇ ಹುಡುಕುತ್ತಿದ್ದೆ. ಮೊದಲ ಸಂಜೆಯ ಫೋಟೋದಲ್ಲಿ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡ ದೊಡ್ಡ ಮಗ ಹಲ್ಲು ಕಿರಿದು ನಿಂತಿದ್ದರು. ಚಿಕ್ಕ ಸೊಸೆ ಇರಲಿಲ್ಲ. ಮಾರನೆಯ ಬೆಳಿಗ್ಗೆಯೂ ಇರಲಿಲ್ಲ. ಫೋನನ್ನು ಮೇಜಿನ ಮೇಲೆ ಕವುಚಿಟ್ಟು, ಬೇರೆಯವರ ಊಟಿ ಟ್ರಿಪ್ಪಿನ ಹೋಟೆಲು ಬುಕ್ ಮಾಡುತ್ತಾ ಕೂತೆ. ಮೂರನೆಯ ಸಂಜೆ ಸಿಂಹದ ಫೋಟೋಗಳು ಸಾಲಾಗಿ ಬಂದವು, 'ಸೂಪರ್', 'ಸಖತ್' ಎಂದು ಒಬ್ಬರಿಗೊಬ್ಬರು ಹೊಗಳಿಕೊಂಡಿದ್ದರು. ಆ ಸಂಜೆ ಪಟ್ಟಿಯ ಪ್ರಕಾರವೇ ಆಕೆ ರೂಮಿನಲ್ಲಿದ್ದರು. ಕಡೆಯ ಬೆಳಿಗ್ಗೆ ಗುಂಪಿನಲ್ಲಿ ಒಂದೂ ಫೋಟೋ ಬರಲಿಲ್ಲ. ಏನಾಯಿತೆಂದು ಕೇಳುವ ಹಕ್ಕು ನನಗಿರಲಿಲ್ಲ.

ಕಾಲೇಜು ಶುರುವಾದ ಮೇಲೆ ಒಂದು ಮಧ್ಯಾಹ್ನ ಚಿಕ್ಕ ಸೊಸೆ ಬಂದರು. ಅದೇ ಡಬ್ಬಿಯ ಚೀಲ ತೊಡೆಯ ಮೇಲೆ. ಬಿಸಿಲಿಗೆ ಸ್ವಲ್ಪ ಕಪ್ಪಾಗಿದ್ದರು. ಬೈಯಲು ಬಂದಿರಬೇಕು ಎಂದುಕೊಂಡು ನಾನೇ ಮೊದಲು ಕ್ಷಮೆ ಕೇಳಿದೆ.

“ಅದು ಹಾಗಿರ್ಲಿ” ಅಂದರು. “ನನ್ನನ್ನ ಒಂದ್ ಮಾತು ಕೇಳ್ಬೇಕಿತ್ತು ನೀವು. ಈಗ್ಲೂ ಸಿಟ್ಟಿದೆ.”

“ಎಷ್ಟು ಸಲ ಹೋದ್ರಿ ಸಫಾರಿಗೆ?”

ಆಕೆ ಬೆರಳು ಮಡಿಚಿದರು. ಮೊದಲ ಸಂಜೆ ಅಜ್ಜಿ ಪ್ರಯಾಣದ ಸುಸ್ತಿಗೆ ಮಲಗಿಬಿಟ್ಟಿದ್ದರು, ಭಾವ ಮಾತಿಲ್ಲದೆ ಜೀಪು ಹತ್ತಿದರು, ಆಕೆ ಉಳಿದರು. ಬೆಳಿಗ್ಗೆ ಗಂಡ ಉಳಿದರು, ಜೀಪು ಹೊರಡುವಾಗ ಪುಟ್ಟಿ ಅಮ್ಮ ಬೇಕೆಂದು ಅತ್ತಳು, ಆಕೆಯೇ ಇಳಿದು ಬಂದರು. ಮಧ್ಯಾಹ್ನ ಅಜ್ಜಿಗೆ ಇದೆಲ್ಲ ಗೊತ್ತಾಗಿ, ಊಟದ ಮೇಜಿನಲ್ಲಿ ಯಾರಿಗೂ ಬಡಿಸಲು ಬಿಡದೆ ಕೂತರಂತೆ. ಆ ಸಂಜೆ ದೊಡ್ಡ ಸೊಸೆ ಗಪ್‌ಚಿಪ್ಪಾಗಿ ಉಳಿದರು, ಮಳೆ ಹೊಡೆದು ಎಲ್ಲರೂ ತೊಯ್ದು ಏನೂ ಕಾಣದೆ ವಾಪಸು ಬಂದರು. ಅಜ್ಜಿಯ ಬೆಳಿಗ್ಗೆ ಘೇಂಡಾಮೃಗ ಸಿಕ್ಕಿತು. ಸಿಂಹ ಸಿಕ್ಕಾಗ ಆಕೆ ಇರಲಿಲ್ಲ.

“ಕಡೇ ಬೆಳಿಗ್ಗೆ?” ಎಂದು ಕೇಳಿದೆ.

ಆಕೆ ಮೊಬೈಲು ತೆಗೆದು ಒಂದು ವಿಡಿಯೊ ಹಾಕಿ ನನ್ನ ಕೈಗೆ ಕೊಟ್ಟರು. ಕೆಂಪು ಮಣ್ಣಿನ ದಾರಿ. ಅದರ ಮೇಲೆ ನಿಂಬೆಹಣ್ಣಿನಷ್ಟು ಒಂದು ಉಂಡೆ, ಹಿಂದಕ್ಕೆ ನಡೆಯುತ್ತಾ ಅದನ್ನು ತಳ್ಳುವ ಕಪ್ಪು ಹುಳ. ಪುಟ್ಟಿಯ ಪಿಸುಮಾತು ಕೇಳಿಸಿತು. “ಅಮ್ಮ, ಮೇಲೆ ಇನ್ನೊಂದು ಕೂತಿದೆ.” “ಅದು ಹೆಣ್ಣು ಪುಟ್ಟಿ. ತಳ್ತಿರೋದು ಗಂಡು.” ಅಜ್ಜಿ ಕಿಸಕ್ಕನೆ ನಕ್ಕಿದ್ದೂ ಕೇಳಿಸಿತು. ಅಷ್ಟರಲ್ಲಿ ಜೀಪಿನ ವೈರ್‌ಲೆಸ್ ಗೊರಗೊರ ಎಂದಿತು, ಗೈಡ್ ಏನೋ ಹೇಳಿದ. ಆಮೇಲೆ ಚಿಕ್ಕ ಮಗನ ದನಿ.

“ಏ, ಸಿಂಹ ಅಂತೆ! ಇಲ್ಲೇ ಪಕ್ಕದಲ್ಲಿ. ನೀನು, ಪುಟ್ಟಿ ಇಬ್ರೇ ನೋಡಿಲ್ಲ, ನಡಿ ನಡಿ, ಹೋಗೋಣ.”

“ಹೌದಮ್ಮ, ನಿನಗೋಸ್ಕರಾನೇ” ಎಂದು ದೊಡ್ಡ ಮಗ. “ಹುಳ ಎಲ್ಲಿಗ್ ಹೋಗತ್ತೆ?”

“ಹೋಗ್ತಾ ಇದೆ ಭಾವ. ನೋಡಿ.”

“ಅಯ್ಯೋ, ಸಗಣಿ ಹುಳಕ್ಕೋಸ್ಕರ ಸಿಂಹ ಬಿಡ್ತಾರಾ ಯಾರಾದ್ರೂ...”

“ಸುಮ್ನಿರ್ರೋ ಇಬ್ರೂ!” ಅಜ್ಜಿಯ ದನಿ. ಅಷ್ಟು ಜೋರಾಗಿ ಆ ಜೀಪಿನಲ್ಲಿ ಮಾತಾಡುವಂತಿಲ್ಲ, ಗೈಡ್ ಶ್ ಎಂದ. ಅಜ್ಜಿ ದನಿ ತಗ್ಗಿಸಿದರು. “ಅವಳಿಗೇನು ಬೇಕೋ ಅದನ್ನ ಅವಳು ನೋಡ್ಲಿ.”

ವಿಡಿಯೊ ಅಲ್ಲಿಗೆ ಮುಗಿಯಿತು. ಆಕೆ ಮೊಬೈಲು ಚೀಲಕ್ಕೆ ಹಾಕಿಕೊಂಡು ಎದ್ದರು, ಎರಡು ಗಂಟೆಗೆ ಪ್ರಾಕ್ಟಿಕಲ್ ಇತ್ತಂತೆ.

“ಆಮೇಲೆ ಸಿಂಹ ಸಿಕ್ತಾ?” ಅಂದೆ.

“ಎಲ್ಲಿಂದ ಸಿಗತ್ತೆ ಮೇಡಂ. ಆ ಹುಳ ಉಂಡೆ ಸಮೇತ ಮಣ್ಣೊಳಗೆ ಇಳಿಯೋ ತನಕ ಅತ್ತೆ ಗಾಡಿ ಎತ್ತಕ್ಕೇ ಬಿಡ್ಲಿಲ್ಲ.”